ಕಲ್ಲಮನೆಯ ಅಳಿಯ

ಊರಿನವರು ನಮ್ಮ ಭಾವನನ್ನು ಕರೆಯುವುದು ರೇಡಿಯೊ ಅಂತ. ಅಕ್ಕನ ಗಂಡ ಅಂದಮೇಲೆ ನಾನು ಹಾಗೆ ಕರೆಯುವಂತಿಲ್ಲ, ಆದರೆ ಕರೆಯುವವರನ್ನು ಯಾವತ್ತೂ ತಡೆದವಳೂ ಅಲ್ಲ. ಬೆಳಿಗ್ಗೆ ಬಸ್ಸು ನಿಲ್ಲುವ ಕಡೆ ಬಾಯಿ ತೆರೆದರೆ ಸಂಜೆ ಕೊನೆಯ ಬಸ್ಸು ಹೊರಟ ಮೇಲೇ ಅದು ಮುಚ್ಚುವುದು. ಬಂದ ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಜಾಗ ತೋರಿಸುವುದು, ತೋರಿಸುತ್ತಾ ಮಾತಾಡುವುದು, ಇದೇ ಅವರ ಕೆಲಸ. ಮಾತಾಡುವುದಕ್ಕೂ ಸಂಬಳ ಕೊಡುತ್ತಾರಾ ಅಂತ ನಮ್ಮ ಚಿಕ್ಕಪ್ಪಂದಿರಿಗೆ ಇವತ್ತಿಗೂ ಆಶ್ಚರ್ಯ.

ತೋರಿಸಲಿಕ್ಕೆ ನಮ್ಮಲ್ಲಿ ಬೇಕಾದಷ್ಟಿದೆ. ನಮ್ಮ ನೆಲ ಉಳಿದ ನೆಲದ ಹಾಗೆ ಸುಮ್ಮನೆ ದಡದಲ್ಲಿ ಕೂರದೆ ಸಮುದ್ರದ ವ್ಯವಹಾರದಲ್ಲಿ ಮೂಗು ತೂರಿಸಿಕೊಂಡು ಹೋಗಿದೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ಊರು. ಮೂಗಿನ ಬುಡದಲ್ಲಿ ಹಳೆಯ ಕೋಟೆ. ಅದರ ಗೋಡೆ ಈ ದಡದಿಂದ ಆ ದಡದವರೆಗೆ ದಾರಿಗೆ ಅಡ್ಡ ಮಲಗಿದೆ. ಕೋಟೆಯೊಳಗೆ ಒಂದು ಬಾವಿ. ಸಮುದ್ರ ಕೂಗಳತೆಯಲ್ಲಿದ್ದರೂ ಅದರ ನೀರು ಸಿಹಿ. ಕೋಟೆ ದಾಟಿದರೆ ಎಡಗಡೆ ಕರಿ ಮರಳು, ಬಲಗಡೆ ಬಿಳಿ ಮರಳು, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ. ಮುಂದೆ ಅಲೆಗಳೇ ಕೊರೆದು ಮಾಡಿದ ಕಲ್ಲಿನ ಕಮಾನು, ಉಬ್ಬರದ ಹೊತ್ತಿಗೆ ಗೊರಕೆ ಹೊಡೆಯುವ ಗುಹೆ. ಕಟ್ಟಕಡೆಗೆ ದೀಪಸ್ತಂಭ. ಅದರ ಬುಡದಲ್ಲಿ ಟಿಕೆಟ್ ಹರಿಯುವ ಗೂಡು, ಗೂಡಿನೊಳಗೆ ನಾನು.

ಗುಹೆಗೂ ದೀಪಸ್ತಂಭಕ್ಕೂ ನಡುವೆ, ರಸ್ತೆಯಿಂದ ಮೇಲೆ, ಬಂಡೆಗೆ ಬೆನ್ನು ಕೊಟ್ಟು ನಿಂತಿರುವುದು ಕಲ್ಲಮನೆ. ಅಕ್ಕನೂ ನಾನೂ ಹುಟ್ಟಿದ್ದು ಅಲ್ಲೇ. ಮದುವೆ ಗಿದುವೆಯ ತಂಟೆಗೆ ಹೋಗದ ನಾನು ಅಪ್ಪನ ಜೊತೆ ಈಗಲೂ ಇರುವುದು ಅಲ್ಲೇ. ದೀಪಸ್ತಂಭ ಕಟ್ಟುವ ಮೊದಲು ಅಪ್ಪನ ತಾತ ದಿನಾ ಸಂಜೆ ಸಮುದ್ರದ ಕಡೆಯ ಕಿಟಕಿಯಲ್ಲಿ ದೀಪ ಇಡುತ್ತಿದ್ದನಂತೆ, ದೋಣಿಯವರು ಬಂಡೆ ತಪ್ಪಿಸಿ ಹೋಗಲಿ ಅಂತ. ಯಾರೂ ಹೇಳಿ ಮಾಡಿಸಿದ್ದಲ್ಲ. ಮುಂದೆ ದೀಪಸ್ತಂಭ ಬಂದಾಗ ಅಪ್ಪನಿಗೆ ಅದರಲ್ಲೇ ಕೆಲಸ ಸಿಕ್ಕಿತು. ಮಂಜು ಕವಿದ ದಿನ ದೀಪ ಕಾಣುವುದಿಲ್ಲವಲ್ಲ, ಆಗ ದೊಡ್ಡ ಕಹಳೆ ಊದಿಸಬೇಕು. ಆ ಕಹಳೆಯ ಪಕ್ಕದಲ್ಲೇ ಆಯುಷ್ಯ ಕಳೆದು ಅಪ್ಪ ಎರಡೂ ಕಿವಿ ಕಳೆದುಕೊಂಡ. ಈಗ ಹತ್ತಿರ ಬಂದು ಜೋರಾಗಿ ಹೇಳಿದರೆ ಮಾತ್ರ ಅಷ್ಟಿಷ್ಟು ಕೇಳಿಸುತ್ತದೆ. ಹಡಗಿನವರಿಗೆ ಕೇಳಿಸಲಿ ಅಂತ ತನ್ನ ಕಿವಿ ಕೊಟ್ಟವನು. ನಮ್ಮ ಮನೆತನದ ದೊಡ್ಡಸ್ತಿಕೆ ಅಂದರೆ ಇಷ್ಟೇ, ಇದಕ್ಕಿಂತ ಹೆಚ್ಚಿನದೇನೂ ನಮ್ಮ ಹತ್ತಿರ ಇಲ್ಲ.

ಭಾವನಿಗೆ ಅಕ್ಕನನ್ನು ಕೊಡುವ ಮಾತು ಬಂದಾಗ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಹುಡುಗನಿಗೆ ಬಾಯಿ ಬಿಟ್ಟರೆ ಬೇರೆ ಬಂಡವಾಳ ಇಲ್ಲ ಅಂದರು ಚಿಕ್ಕಪ್ಪಂದಿರು. ಅಪ್ಪ ಒಬ್ಬನೇ ಹಟ ಹಿಡಿದ. ಆಗಲೇ ಕಿವಿ ಅರ್ಧ ಹೋಗಿತ್ತು ಅವನಿಗೆ. ಈ ಹುಡುಗ ನನ್ನ ಹತ್ತಿರ ಮಾತಾಡುವಾಗ ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ, ಎರಡನೇ ಸಲ ಕೇಳಿದರೆ ಎರಡನೇ ಸಲ ಹೇಳಿದ, ನನಗೆ ಇಷ್ಟು ಸಾಕು ಅಂದ. ಮದುವೆಯಾಯಿತು. ಭಾವ ಮಾವನನ್ನು ದೇವರ ಹಾಗೆ ನೋಡಿಕೊಂಡರು ಅಂದರೆ ಅತಿಯಾದೀತು. ಆದರೆ ಸ್ವಂತ ಅಪ್ಪನನ್ನು ನೋಡದ ಮನುಷ್ಯ, ಇವನನ್ನೇ ಅಪ್ಪ ಅಂದುಕೊಂಡಿದ್ದರು. ತನ್ನನ್ನು ನೆಚ್ಚಿ ಮಗಳನ್ನು ಕೊಟ್ಟವನು ಒಬ್ಬನೇ ಒಬ್ಬ ಅನ್ನುವುದು ಅವರಿಗೆ ಮರೆತಿರಲಿಲ್ಲ.

ಇಂಥ ಭಾವನಿಗೆ ಒಂದು ಚಾಳಿ. ಅವರ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತು ಬರುವುದಿಲ್ಲ. ಇದು ಆ ಕಸುಬಿನವರಿಗೆಲ್ಲ ಇರುವ ಕಾಯಿಲೆ, ಇವರಿಗೆ ಸ್ವಲ್ಪ ಜಾಸ್ತಿ. ಕೋಟೆಯ ಫಿರಂಗಿ ಯಾಕೆ ಬಿರುಕು ಬಿಟ್ಟಿದೆ ಅಂತ ಯಾರೋ ಕೇಳಿದರೆ ಅದಕ್ಕೊಂದು ಯುದ್ಧ ಹುಟ್ಟುತ್ತಿತ್ತು. ಬಾವಿಯ ನೀರು ಯಾಕೆ ಸಿಹಿ ಅಂದರೆ ಅದಕ್ಕೊಬ್ಬ ರಾಣಿ ಅಳುತ್ತಿದ್ದಳು. ಕಣ್ಣೀರು ಉಪ್ಪಲ್ಲವಾ ಭಾವ ಅಂತ ನಾನು ಕೇಳಿದ್ದಕ್ಕೆ, ಯಾರೂ ಅಷ್ಟು ದೂರ ಯೋಚನೆ ಮಾಡೋದಿಲ್ಲಮ್ಮ ಅಂದಿದ್ದರು. ಬುರುಡೆ ಬಿಟ್ಟರೂ ಯಾರಿಗೇನು ನಷ್ಟ ಅಂತ ನಾವೂ ನಕ್ಕು ಸುಮ್ಮನಾಗುತ್ತಿದ್ದೆವು.

ಮಾತಾಡುವುದರಲ್ಲಿ ಅವರಿಗೆ ಒಂದು ಲೆಕ್ಕಾಚಾರವೂ ಇತ್ತು. ಜನರ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡೆಯುವುದು, ಗಾಳಿಯನ್ನು ಯಾವಾಗಲೂ ಬೆನ್ನಿಗೆ ಇಟ್ಟುಕೊಳ್ಳುವುದು. ಆಗ ಮಾತು ತಾನಾಗಿ ಜನರ ಕಿವಿಗೆ ಹೋಗುತ್ತದೆ. ಇಡೀ ದಾರಿಯಲ್ಲಿ ಈ ಲೆಕ್ಕ ತಪ್ಪುವ ಜಾಗ ಒಂದೇ, ನಮ್ಮ ಮನೆಯ ಕೆಳಗಿನ ಕಟ್ಟೆ. ಅಲ್ಲಿ ನಿಂತರೆ ಕಮಾನೂ ಕಾಣುತ್ತದೆ, ಕಿಟಕಿಯೂ ಕಾಣುತ್ತದೆ, ಆದರೆ ಎರಡೂ ಕಡೆಯ ಸಮುದ್ರದ ಗಾಳಿಯೂ ಅಲ್ಲೇ ಡಿಕ್ಕಿ ಹೊಡೆಯುತ್ತದೆ. ಅರ್ಧ ಮಾತು ಹಾರಿಹೋಗುತ್ತದೆ.

ಆಮೇಲೆ ಭಾವನೇ ನನಗೆ ಹೇಳಿದ ಪ್ರಕಾರ ನಡೆದದ್ದು ಇಷ್ಟು. ಒಂದು ದಿನ ಆ ಕಟ್ಟೆಯ ಮೇಲೆ ನಿಂತು ಎಂದಿನ ಹಾಗೆ, ಮೇಲೆ ಕಾಣುವುದು ಕಲ್ಲಮನೆ ಅಂದರು. ಟೋಪಿ ಹಿಡಿದುಕೊಂಡು ನಿಂತಿದ್ದ ಒಬ್ಬ ಹೆಂಗಸು ಅದನ್ನು ಕಳ್ಳಮನೆ ಅಂತ ಕೇಳಿಸಿಕೊಂಡಳು. ಯಾವ ಕಳ್ಳ, ಏನು ಕದ್ದ ಅಂತ ಕೇಳಿದಳು. ಕಳ್ಳ ಅಲ್ಲಮ್ಮ, ಕಲ್ಲು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆಗಲೇ ಎಲ್ಲರೂ ಕಿವಿ ನಿಮಿರಿಸಿ ಇವರ ಬಾಯನ್ನೇ ನೋಡುತ್ತಿದ್ದರಂತೆ. ಫಿರಂಗಿ, ಬಾವಿ, ಗುಹೆ ಅಂತ ಬಿಸಿಲಲ್ಲಿ ನಡೆದು ಆಕಳಿಸುತ್ತಿದ್ದ ಜನ ಮೊದಲ ಸಲ ಎಚ್ಚರವಾಗಿದ್ದರು. ಭಾವನ ನಾಲಿಗೆ ಜಾರಿತು. ಆ ಮನೆಯವರು ಕಿಟಕಿಯಲ್ಲಿ ಸುಳ್ಳು ದೀಪ ಇಟ್ಟು, ಹಡಗುಗಳನ್ನು ಬಂಡೆಗೆ ಬಡಿಸಿ, ಮುಳುಗಿದವರ ಮಾಲನ್ನು ದೋಚುತ್ತಿದ್ದರು ಅಂತ ಹೇಳಿಬಿಟ್ಟರು.

ಒಂದೇ ಸಲ ಹೇಳಿ ಬಿಟ್ಟಿದ್ದರೆ ಗಾಳಿಯ ಜೊತೆ ಅದೂ ಹೋಗುತ್ತಿತ್ತು. ಮರುದಿನದ ಗುಂಪು, ಕಳ್ಳಮನೆ ಎಲ್ಲಿ ಅಂತ ಕೇಳಿಕೊಂಡೇ ಬಂತು. ಮಾತಿಗೆ ಉಪ್ಪು ಖಾರ ಬಿತ್ತು, ಒಗ್ಗರಣೆ ಬಿತ್ತು. ಕೇಳಿದವರು ಬೇರೆಯವರಿಗೆ ಹೇಳಿದರು. ಉಳಿದ ಗೈಡುಗಳೂ ಅದನ್ನೇ ಹೇಳತೊಡಗಿದರು. ಕೋಟೆಯನ್ನು ಓಡುತ್ತಾ ನೋಡಿದವರು ಸಹ ಆ ಕಟ್ಟೆಯ ಹತ್ತಿರ ನಿಂತು ಫೋಟೊ ತೆಗೆಯದೆ ಹೋಗುತ್ತಿರಲಿಲ್ಲ.

ಕೆಳಗೆ ಜನ ಸೇರುವುದನ್ನು, ತನ್ನ ಕಿಟಕಿಯ ಕಡೆ ಕೈ ತೋರಿಸುವುದನ್ನು ಅಪ್ಪ ನೋಡಿದ. ಕಿವಿ ಹೋಗಿದ್ದರೂ ಕಣ್ಣು ಚುರುಕು. ಅಳಿಯ ಮನೆಗೆ ಬಂದಾಗ, ಏನು ಹೇಳ್ತಿರ್ತೀಯ ಅಲ್ಲಿ ಅಂತ ಕೇಳಿದ. ಭಾವ ಕಿವಿಯ ಹತ್ತಿರ ಬಾಯಿಟ್ಟು, ನಮ್ಮ ಮನೆ ವಿಷಯಾನೇ ಹೇಳ್ತೀನಿ ಮಾವ ಅಂದರು. ಸುಳ್ಳಲ್ಲವಲ್ಲ. ಅಪ್ಪನಿಗೆ ಆದ ಸಂತೋಷ ನಾನು ಬಾಯಲ್ಲಿ ಹೇಳಲಾರೆ. ಅಂದಿನಿಂದ ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಬಸ್ಸು ಬರುವ ಹೊತ್ತಿಗೆ ಕಿಟಕಿಯಲ್ಲಿ ನಿಲ್ಲತೊಡಗಿದ. ಕೆಳಗಿನವರು ನಗುತ್ತಾ ಕೈ ಬೀಸಿದರೆ ಇವನೂ ಕೈ ಬೀಸುವುದು. ಅವರು ನಗುತ್ತಿರುವುದು ಕಳ್ಳನ ಮೊಮ್ಮಗನನ್ನು ನೋಡಿ ಅಂತ ಅವನಿಗೇನು ಗೊತ್ತು. ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ನಾನು. ನನಗೂ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಟಿಕೆಟಿನ ಗೂಡಿನಲ್ಲಿ. ಒಬ್ಬರು ಕಳ್ಳಮನೆಗೆ ಯಾವ ದಾರಿ ಅಂತ ಕೇಳಿದರು. ಕಲ್ಲಮನೆ ಅಂದೆ. ಅಲ್ಲ ಅಲ್ಲ, ಕಳ್ಳಮನೆ, ಹಡಗು ಮುಳುಗಿಸ್ತಿದ್ರಲ್ಲ ಅವರದ್ದು, ಗೈಡು ಹೇಳಿದ್ರು ಅಂತ ಅವರು ನನಗೇ ಪಾಠ ಮಾಡಿದರು. ಯಾವ ಗೈಡು ಅಂದೆ. ಹಿಂದೆ ಹಿಂದೆ ನಡೀತಾರಲ್ಲ, ಅವರು ಅಂದರು. ಅವರಿಗೆ ಚಿಲ್ಲರೆ ಎಣಿಸಿ ಕೊಟ್ಟೆ. ನಾನು ಯಾರ ಮಗಳು ಅಂತ ಅವರಿಗೆ ತಿಳಿಯದಿರಲಿ ಅಂತ ತಲೆ ತಗ್ಗಿಸಿದೆ, ಏನೋ ತಪ್ಪು ಮಾಡಿದವಳ ಹಾಗೆ.

ಅವತ್ತು ಸಂಜೆ ಬಸ್ಸು ನಿಲ್ಲುವ ಕಡೆ ಹೋಗಿ ಭಾವನನ್ನು ಹಿಡಿದೆ. ಅಕ್ಕನ ಮದುವೆಯಾದಾಗಿನಿಂದ ಬನ್ನಿ ಹೋಗಿ ಅನ್ನುತ್ತಿದ್ದವಳು ಅಂದು ಮೊದಲ ಸಲ ಅವರನ್ನು ಏಕವಚನಕ್ಕೆ ಇಳಿಸಿದೆ.

"ನಿನ್ನ ಬಾಯಿಗೆ ನಮ್ಮಪ್ಪಾನೇ ಬೇಕಾಗಿತ್ತಾ?" ಅಂದೆ.

ಅವರಿಗೆ ಯಾವ ವಿಷಯ ಅಂತ ಬಿಡಿಸಿ ಹೇಳಬೇಕಾಗಲಿಲ್ಲ. ಮುಖ ಕಪ್ಪಿಟ್ಟಿತು. ಸುತ್ತ ಜನ ಇದ್ದರು, ಉಳಿದ ಗೈಡುಗಳಿದ್ದರು. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ದಿನಾ ರಾತ್ರಿ ನಾಳೆ ನಿಲ್ಲಿಸ್ತೀನಿ ಅಂದುಕೊಂಡೇ ಮಲಗ್ತೀನಿ ಅಂದರು. ಮಾವ ಕಿಟಕಿಗೆ ಬಂದು ನಿಂತಾಗ ತಲೆ ಎತ್ತಿ ಆ ಕಡೆ ನೋಡೋದಕ್ಕೆ ಆಗಲ್ಲ, ಜನರಿಗೆ ಬೆನ್ನು ಹಾಕಿ ಸಮುದ್ರ ನೋಡ್ತೀನಿ ಅಂದರು. ನನಗೆ ಅಯ್ಯೋ ಅನಿಸಲಿಲ್ಲ. ನಾಚಿಕೆ ಆಗುತ್ತೆ ಅನ್ನುವವನು ಬಾಯಿ ಮುಚ್ಚಬೇಕು, ಮುಖ ತಿರುಗಿಸುವುದಲ್ಲ.

ನಿಲ್ಲಿಸಲು ಅವರು ನಿಜವಾಗಿಯೂ ನೋಡಿದರು, ಅದನ್ನು ಒಪ್ಪಬೇಕು. ಮರುದಿನ ಕಟ್ಟೆಯ ಮೇಲೆ ನಿಂತು, ಇದು ಕಲ್ಲಮನೆ, ಕಳ್ಳನ ಸುದ್ದಿಯೆಲ್ಲ ಸುಳ್ಳು, ಇವರು ದೀಪ ಇಟ್ಟು ದೋಣಿ ಉಳಿಸಿದವರು ಅಂದರಂತೆ. ಗುಂಪಿನಲ್ಲಿದ್ದ ಒಬ್ಬನಿಗೆ ಬೇರೆ ಗೈಡು ಆಗಲೇ ಎಲ್ಲ ಹೇಳಿದ್ದ. ಅದು ಇವರ ಹೆಂಡತಿಯ ತವರುಮನೆ, ಅದಕ್ಕೇ ಮುಚ್ಚಿಹಾಕ್ತಿದ್ದಾರೆ ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬುರುಡೆಯನ್ನೆಲ್ಲ ನಂಬಿದ ಜನ ಅವರು ಹೇಳಿದ ಒಂದೇ ಒಂದು ನಿಜವನ್ನು ನಂಬಲಿಲ್ಲ.

ಅಷ್ಟರಲ್ಲಿ ಪ್ರವಾಸಿ ಸಮಿತಿಯವರು ದಾರಿಯುದ್ದಕ್ಕೂ ಹೊಸ ಬೋರ್ಡು ಹಾಕಿಸಿದರು. ಕೋಟೆಗೊಂದು, ಗುಹೆಗೊಂದು, ಕಮಾನಿಗೊಂದು. ನಮ್ಮ ಮನೆಯ ಕೆಳಗೂ ಒಂದು. ನೀಲಿ ಬಣ್ಣದ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ 'ಕಳ್ಳಮನೆ', ಪಕ್ಕದಲ್ಲಿ ಮೇಲಕ್ಕೆ ಬಾಣದ ಗುರುತು. ಬರೆಯುವವರು ಬಾಯಿಮಾತನ್ನು ನಂಬಿದ್ದರು. ಕಿಟಕಿಯಿಂದ ಬೋರ್ಡಿನ ಬೆನ್ನು ಮಾತ್ರ ಕಾಣುತ್ತಿತ್ತು.

ನಮ್ಮ ಮನೆ ಹೆಸರಲ್ಲಿ ಬೋರ್ಡು ಅಂತ ಅಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಂಡಿನೋವಿನಿಂದ ಮೆಟ್ಟಿಲು ಇಳಿದೇ ಎಷ್ಟೋ ಕಾಲವಾಗಿತ್ತು, ಆದರೂ ನೋಡಬೇಕು ಅಂದ. ಅಳಿಯನೇ ಕರೆದುಕೊಂಡು ಹೋಗಿ ತೋರಿಸಬೇಕು ಅಂದ. ಭಾವ ಮೊದಲು ಬಣ್ಣ ಒಣಗಿಲ್ಲ ಅಂದರು. ಆಮೇಲೆ ಮೆಟ್ಟಿಲು ಪಾಚಿ ಕಟ್ಟಿದೆ ಅಂದರು. ಆಮೇಲೆ ಕೆಲಸ ಜಾಸ್ತಿ ಅಂದರು. ಭಾನುವಾರ ಬೆಳಿಗ್ಗೆ ನೀನು ಬರದಿದ್ದರೆ ನಾನೇ ಇಳಿದು ಹೋಗ್ತೀನಿ ಅಂತ ಅಪ್ಪ ಖಡಾಖಂಡಿತ ಹೇಳಿಬಿಟ್ಟ. ಆ ವಾರವೆಲ್ಲ ಭಾವನ ಬಾಯಿಗೆ ಬೀಗ ಬಿದ್ದಿತ್ತು. ಏನಾಗಿದೆ ಇವರಿಗೆ ಅಂತ ಅಕ್ಕ ನನ್ನನ್ನು ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲೇ ಹೊಲಿಗೆ ಮಾಡುವವಳು, ಪ್ರವಾಸಿಗರ ದಾರಿಗೆ ಬರುವವಳಲ್ಲ. ಗಂಟಲು ಕಟ್ಟಿರಬೇಕು ಅಂದೆ ನಾನು. ಅವರ ನಾಚಿಕೆಗೆ ನಾನು ಬಾಗಿಲು ಕಾಯುವ ಹಾಗಾಯಿತಲ್ಲ ಅಂತ ಮೈಯೆಲ್ಲ ಉರಿಯಿತು.

ಭಾನುವಾರ ಬೆಳಕು ಹರಿಯುವಾಗಲೇ ಭಾವ ಬಣ್ಣದ ಡಬ್ಬಿ ಹಿಡಿದುಕೊಂಡು ಹೋಗಿ, ಬೋರ್ಡಿನ ಳ್ಳ ಅಳಿಸಿ ಲ್ಲ ಬರೆದರು. ನಂತರ ನಾನು ಹೋಗಿ ನೋಡಿದೆ. ಕೈಬರಹ ಪರವಾಗಿಲ್ಲ, ದೂರದಿಂದ ತಿಳಿಯುವುದಿಲ್ಲ. ಅಲ್ಲಿಗೆ ಅವರು ಗೆದ್ದಂತೆಯೇ. ಮಾವನನ್ನು ನಿಧಾನವಾಗಿ ಇಳಿಸಿಕೊಂಡು ಬಂದು, ಓದಿಸಿ, ಹತ್ತಿಸಿಕೊಂಡು ಹೋದರೆ ಆಯಿತು. ಅಪ್ಪನಿಗೆ ಸಾಯುವವರೆಗೂ ಏನೂ ತಿಳಿಯುತ್ತಿರಲಿಲ್ಲ.

ಅವರು ಮೇಲೆ ಬಂದಾಗ ಅಪ್ಪ ಅಂಗಳದ ಕಲ್ಲುಬೆಂಚಿನ ಮೇಲೆ ಕೂತಿದ್ದ, ನಾನು ಅವನ ಬೂಟಿನ ದಾರ ಕಟ್ಟುತ್ತಿದ್ದೆ. ಅಪ್ಪನ ಊರುಗೋಲು ಹೊರಬಿದ್ದ ದಿನ ಅಂತ ಅಕ್ಕನೂ ಬಂದಿದ್ದಳು, ಒಳಗೆ ಚಹಾ ಕಾಯಿಸುತ್ತಿದ್ದಳು. ಅದೇ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಪ್ರವಾಸಿಗರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಇದೇನಾ ಕಳ್ಳಮನೆ ಅಂತ ಗಂಡ ಅಪ್ಪನ ಹತ್ತಿರ ಬಂದು ಜೋರಾಗಿ ಕೇಳಿದ.

ಅಪ್ಪ ಕೋಲೂರಿ ಎದ್ದು ನಿಂತ. ಅವನ ಕಿವಿಗೆ ಳ ಯಾವುದು ಲ ಯಾವುದು. "ಹೌದು ಹೌದು, ಇದೇ ಕಲ್ಲಮನೆ. ನಮ್ಮ ತಾತನ ಕಾಲದಿಂದ ನಾವೇ ಇರೋದು," ಅಂದ. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ. ಇಡೀ ಗುಡ್ಡಕ್ಕೆ ಕೇಳುವ ಹಾಗೆ ಹೇಳಿದ.

ಇಷ್ಟು ರಾಜಾರೋಷವಾಗಿ ಒಪ್ಪಿಕೊಳ್ತಾರಲ್ಲ ಅಂತ ಹೆಂಡತಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ನಗುವುದನ್ನು ನೋಡಿ ಅಪ್ಪನೂ ನಕ್ಕ. ಭಾವನನ್ನು ಹತ್ತಿರ ಎಳೆದು, ಹೆಗಲ ಮೇಲೆ ಕೈ ಹಾಕಿದ. ಇವನು ನನ್ನ ಅಳಿಯ, ನಮ್ಮ ಮನೆ ಹೆಸರನ್ನ ಊರಿಗೆಲ್ಲ ಸಾರಿದವನು, ಗಂಡುಮಕ್ಕಳಿಲ್ಲದ ನನಗೆ ಮಗನೇ ಇವನು ಅಂದ. ಅವರು ಇಬ್ಬರನ್ನೂ ನಿಲ್ಲಿಸಿ ಫೋಟೊ ತೆಗೆದುಕೊಂಡು ಇಳಿದು ಹೋದರು. ಕೆಳಗಿನ ತಿರುವಿನಲ್ಲಿ ಅವರ ನಗು ಬಿಚ್ಚಿಕೊಂಡಿತು. ನನಗೆ ಕೇಳಿಸಿತು, ಭಾವನಿಗೆ ಕೇಳಿಸಿತು. ನಮ್ಮ ಮಧ್ಯೆ ನಿಂತಿದ್ದ ಅಪ್ಪನಿಗೆ ಮಾತ್ರ ಕೇಳಿಸಲಿಲ್ಲ.

ನಡಿ ಹೋಗೋಣ ಅಂದ ಅಪ್ಪ. ಭಾವ ಅಲ್ಲಾಡಲಿಲ್ಲ. ಹೆಗಲ ಮೇಲಿನ ಆ ಕೈಯನ್ನು ಮೆಲ್ಲಗೆ ತೆಗೆದು ಬೆಂಚಿನ ಮೇಲೆ ಅವನನ್ನು ಕೂರಿಸಿ, ಅವನ ಕಿವಿಯ ಹತ್ತಿರ ಬಗ್ಗಿದರು. ನಾನು ಬೇಡ ಅಂತ ಕಣ್ಣಲ್ಲೇ ಹೇಳಿದೆ. ಬೈದವಳು ನಾನೇ, ಆದರೂ ಆ ಹೊತ್ತಿಗೆ ಬೇಡ ಅನಿಸಿತು.

"ಮಾವ, ನಾನು ಜನರಿಗೆ ಕಳ್ಳಮನೆ ಅಂತ ಹೇಳಿದೆ," ಅಂದರು.

"ಹೂಂ, ಕಲ್ಲಮನೇನೇ," ಅಂದ ಅಪ್ಪ.

ಇನ್ನೊಂದು ಸಲ ಹೇಳಿದರು. ಅಪ್ಪ ಇನ್ನೊಂದು ಸಲ ತಲೆಯಾಡಿಸಿದ. ನಾಚಿಕೆಗೇಡಿನ ಮಾತನ್ನು ಪಿಸುದನಿಯಲ್ಲಿ ಹೇಳಿ ಮುಗಿಸುವ ಭಾಗ್ಯವೂ ಭಾವನಿಗೆ ಇರಲಿಲ್ಲ. ಆ ಒಂದು ಅಕ್ಷರವನ್ನು ಬಿಟ್ಟು ಬೇರೆ ಮಾತು ಹುಡುಕಬೇಕಾಯಿತು, ಅದನ್ನು ಕೂಗಬೇಕಾಯಿತು. ಹಡಗು ಮುಳುಗಿಸಿದವರು ಅಂದೆ, ಸುಳ್ಳು ದೀಪ ಇಟ್ಟವರು ಅಂದೆ, ಹೆಣದ ಮೈಮೇಲಿನ ಒಡವೆ ಬಿಚ್ಚಿದವರು ಅಂದೆ ಅಂತ ಒಂದೊಂದಾಗಿ ಗಂಟಲು ಹರಿಯುವ ಹಾಗೆ ಕೂಗಿದರು. ಕೆಳಗೆ ಕಟ್ಟೆಯ ಮೇಲಿದ್ದವರು ತಲೆ ಎತ್ತಿ ನೋಡಿದರು.

ಅಪ್ಪನ ಮುಖದಲ್ಲಿ ನಗು ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಹೋಯಿತು. ನಾನು ಕೈ ಬೀಸಿದಾಗ ಅವರು ನಗ್ತಿದ್ದದ್ದು ಅದಕ್ಕಾ ಅಂತ ಕೇಳಿದ. ಭಾವ ತಲೆಯಾಡಿಸಿದರು. ಯಾಕೆ ಹಾಗಂದೆ ಅಂತ ಕೇಳಿದ.

"ಒಬ್ಬರು ಕೇಳಿದ್ರು. ನೀವು ತಪ್ಪಾಗಿ ಕೇಳಿಸ್ಕೊಂಡ್ರಿ ಅಂತ ಹೇಳೋದಕ್ಕೆ ಬಾಯಿ ಬರಲಿಲ್ಲ."

ಅಪ್ಪ ಕೋಲಿನ ತುದಿಯಿಂದ ನೆಲ ಕೆದಕುತ್ತಾ ಕೂತ. ಒಂದೇಟು ಹೊಡೆದಿದ್ದರೂ ನಮಗೆ ಸಮಾಧಾನವಾಗುತ್ತಿತ್ತು. ಕೊನೆಗೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಭಾವನ ಅಂಗಿ ಹಿಡಿದು ಹತ್ತಿರ ಎಳೆದು, ಗುಟ್ಟು ಹೇಳುವವನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ. ಅವನ ಪಾಲಿಗೆ ಅದು ಪಿಸುಮಾತು. ಗೋಡೆಗಳಿಗೆಲ್ಲ ಕೇಳಿಸಿತು.

"ಇದು ನನ್ನ ಮಗಳಿಗೆ ಗೊತ್ತಾಗಬಾರದು. ಎಲ್ಲರೂ ಬೇಡ ಅಂದಾಗ ಇವನನ್ನೇ ಮಾಡ್ಕೋ ಅಂತ ಅವಳಿಗೆ ಹೇಳಿದವನು ನಾನು. ನಿನ್ನನ್ನ ದೊಡ್ಡ ಮನುಷ್ಯ ಅಂದುಕೊಂಡಿದ್ದಾಳೆ. ಹಾಗೇ ಇರಲಿ."

ಒಳಗೆ ಪಾತ್ರೆಯ ಸದ್ದು ನಿಂತುಹೋಗಿತ್ತು. ಯಾವಾಗ ನಿಂತಿತು ಅಂತ ನಾವಿಬ್ಬರೂ ಗಮನಿಸಿರಲಿಲ್ಲ. ಭಾವ ಆ ಬಾಗಿಲನ್ನೇ ನೋಡುತ್ತಾ ನಿಂತರು, ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದರೇನೋ.

ಅಕ್ಕ ತಟ್ಟೆಯಲ್ಲಿ ಚಹಾ ಹಿಡಿದು ಹೊರಗೆ ಬಂದಳು. ಕಣ್ಣು ಕೆಂಪಗಿತ್ತು, ಮುಖ ತೊಳೆದಿದ್ದಳು. ಅಪ್ಪ ಗಾಬರಿಯಿಂದ, ಏನಾದ್ರೂ ಕೇಳಿಸ್ತೇನಮ್ಮ ಅಂದ. ಅವಳು ಅವನಿಗೆ ತಿಳಿಯುವ ಹಾಗೆ ದೊಡ್ಡದಾಗಿ ತಲೆ ಅಲ್ಲಾಡಿಸಿ, ಇಲ್ಲಪ್ಪ, ಒಲೆ ಸದ್ದು, ಏನೂ ಕೇಳಿಸ್ಲಿಲ್ಲ ಅಂತ ಕೂಗಿ ಹೇಳಿದಳು. ಅಪ್ಪ ನಂಬಿ ಉಸಿರು ಬಿಟ್ಟ. ಅವನ ಲೋಟವನ್ನು ಅವನ ಎರಡೂ ಕೈಗೆ ಹಿಡಿಸಿದಳು, ನನ್ನ ಲೋಟ ನನಗೆ ಕೊಟ್ಟಳು. ಭಾವ ಕೈ ಚಾಚಿದರು. ಅಕ್ಕ ಆ ಕೈಯನ್ನು ನೋಡಿದಳು, ಲೋಟವನ್ನು ಬೆಂಚಿನ ತುದಿಯಲ್ಲಿ ಇಟ್ಟು ಒಳಗೆ ಹೋದಳು.